ಯುಗಾದಿ ಮುಗಿಸಿ ಬಂದವರ ಪಿಂಚಣಿ

2006ರ ಯುಗಾದಿ ಬಿದ್ದದ್ದು ಮಾರ್ಚ್ 30, ಗುರುವಾರ. ಅಂದು ಶುರುವಾದ ಸಂವತ್ಸರದ ಹೆಸರು ವ್ಯಯ. ಪಿಂಚಣಿಯ ಖರ್ಚು ಇಳಿಸಬೇಕೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದೂ ಅದೇ ಮಾರ್ಚ್ ತಿಂಗಳ ಕೊನೆಯ ದಿನಗಳಲ್ಲಿ. 2006ರ ಏಪ್ರಿಲ್ 1ರಿಂದ ಸೇವೆಗೆ ಬರುವವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ, ಸಂಬಳದಿಂದ ಕಡಿತ ಮಾಡಿ ನಿಧಿ ಕೂಡಿಸುವ ಹೊಸ ವಂತಿಗೆ ಪದ್ಧತಿ. ಜೆಡಿಎಸ್–ಬಿಜೆಪಿ ಸಮ್ಮಿಶ್ರ ಸರ್ಕಾರ ಬಂದು ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಆ ಆದೇಶದ ಪ್ರತಿ ನಮ್ಮ ಕಚೇರಿಯ ಟಪಾಲಿನಲ್ಲಿ ಬಂದು ಬಿದ್ದಾಗ ಏಪ್ರಿಲ್ ಅರ್ಧ ಕಳೆದಿತ್ತು. ನಾನೇ ಇನ್‌ವರ್ಡ್ ನಂಬರ್ ಹಾಕಿದೆ, ಪೂರ್ತಿ ಓದಲಿಲ್ಲ. ಹೊಸಬರಿಗೆ ಅಂತ ಇತ್ತಲ್ಲ, ಹಳಬನಾದ ನನಗೇನು.

ಆಗ ನಾನು ಹಾವೇರಿ ಕಡೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಸಿಬ್ಬಂದಿ ವಿಷಯ ನೋಡುತ್ತಿದ್ದ ಗುಮಾಸ್ತ. ಇಲಾಖೆಯ ಹೆಸರು, ಊರಿನ ಹೆಸರು ಬೇಡ. ಇದರಲ್ಲಿ ಬರುವವರು ಇನ್ನೂ ನೌಕರಿಯಲ್ಲಿದ್ದಾರೆ. ಒಂದೇ ಆಯ್ಕೆ ಪಟ್ಟಿಯಿಂದ ನಮ್ಮ ಕಚೇರಿಗೆ ಇಬ್ಬರು ದ್ವಿತೀಯ ದರ್ಜೆ ಸಹಾಯಕರು ಬಂದಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಅರ್ಜಿ ಕರೆದದ್ದು 2005ರಲ್ಲಿ. ನೇಮಕಾತಿ ಆದೇಶ ಇಬ್ಬರದೂ ಒಂದೇ ದಿನದ್ದು, ಮಾರ್ಚ್ 22. ‘ಆದೇಶ ತಲುಪಿದ 15 ದಿನಗಳೊಳಗಾಗಿ ಕರ್ತವ್ಯಕ್ಕೆ ಹಾಜರಾಗತಕ್ಕದ್ದು’ ಎಂಬ ಸಾಲೂ ಇಬ್ಬರಿಗೂ ಒಂದೇ.

ಹುಡುಗ ಮಾರ್ಚ್ 31ರ ಶುಕ್ರವಾರ ಬಂದು ಹಾಜರಾದ. ಅವನ ಅಪ್ಪ ನಿವೃತ್ತ ಜವಾನ, ಕಚೇರಿಯ ಒಳಗುಟ್ಟು ಬಲ್ಲವರು. ‘ಮಾರ್ಚ್‌ನಾಗ ಹಾಜರಾಗಿಬಿಡು, ಇನ್‌ಕ್ರಿಮೆಂಟ್ ಒಂದು ತಿಂಗಳು ಮೊದ್ಲ ಬರ್ತೈತಿ’ ಎಂದು ಹಬ್ಬದ ಮಾರನೇ ದಿನವೇ ಮಗನನ್ನು ಬಸ್ಸು ಹತ್ತಿಸಿದ್ದರು. ಆಗ ವಾರ್ಷಿಕ ವೇತನ ಬಡ್ತಿ ಸೇರಿದ ತಿಂಗಳ ಲೆಕ್ಕದಲ್ಲಿ ಬರುತ್ತಿತ್ತು. ಆ ಹಿರಿಯರ ತಲೆಯಲ್ಲಿದ್ದದ್ದು ಅಷ್ಟೇ.

ಹುಡುಗಿಯ ಮನೆಯಲ್ಲಿ ಅವ್ವ ತಡೆದರು. ‘ಹಬ್ಬ ಮುಗಿಸ್ಕೊಂಡು ಹೋಗವಾ, ನೌಕರಿ ಎಲ್ಲಿ ಓಡಿ ಹೋಗ್ತೈತಿ?’ ಶನಿವಾರ ಹೊರಟು ಬಂದರೆ ಮರುದಿನವೇ ಭಾನುವಾರದ ರಜೆ, ಹೊಸ ಊರಲ್ಲಿ ಇರಲು ರೂಮೂ ಇಲ್ಲ. ಹೀಗಾಗಿ ಅವಳು ಬಂದದ್ದು ಸೋಮವಾರ. ‘ದಿನಾಂಕ 3-4-2006ರ ಪೂರ್ವಾಹ್ನ ಕರ್ತವ್ಯಕ್ಕೆ ವರದಿ ಮಾಡಿಕೊಂಡಿರುತ್ತೇನೆ’ ಎಂದು ಬರೆದುಕೊಟ್ಟಳು. ಕಾಗದದ ಒಕ್ಕಣೆ ಹೇಳಿಕೊಟ್ಟವನು ನಾನು. ಪೂರ್ವಾಹ್ನವೋ ಅಪರಾಹ್ನವೋ ಎಂದು ಕೇಳಿದ್ದಳು, ಸಂಬಳ ಅರ್ಧ ದಿನ ಹೋದೀತು ಎಂಬ ಹೆದರಿಕೆಗೆ. ಪೂರ್ವಾಹ್ನ ಅಂತಲೇ ಬರಿಯಮ್ಮಾ ಎಂದೆ.

ಅದೇ ಪಟ್ಟಿಯ ಮೂರನೆಯವನೊಬ್ಬ ಪಕ್ಕದ ತಾಲ್ಲೂಕಿಗೆ ಹೋಗಬೇಕಿದ್ದವನು. ಜಾತಿ ಸಿಂಧುತ್ವ ಪ್ರಮಾಣಪತ್ರ ಬರುವುದು ತಡವಾಗಿ ಅವನು ಸೇರಿದ್ದು ಆಗಸ್ಟ್‌ನಲ್ಲಿ. ಆ ಪ್ರಮಾಣಪತ್ರ ಕೊಡಬೇಕಾದದ್ದೂ ಸರ್ಕಾರ, ಅದಿಲ್ಲದೆ ಆದೇಶ ಕೊಡುವುದಿಲ್ಲ ಎಂದದ್ದೂ ಸರ್ಕಾರ, ತಡವಾಗಿ ಬಂದೆ ಎಂದು ಪಿಂಚಣಿ ಕಿತ್ತುಕೊಂಡದ್ದೂ ಸರ್ಕಾರವೇ.

ದಿಲ್ಲಿಯಿಂದ ಹಾವೇರಿಗೆ

ಈ ಏಪ್ರಿಲ್ 1 ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ. ಸಂವಿಧಾನದ ಏಳನೇ ಅನುಸೂಚಿ ನೋಡಿದರೆ ರಾಜ್ಯದ ಪಿಂಚಣಿ ರಾಜ್ಯ ಪಟ್ಟಿಯ 42ನೇ ನಮೂದು. ಕೇಂದ್ರದ ಪಿಂಚಣಿ ಕೇಂದ್ರ ಪಟ್ಟಿಯ 71ನೇ ನಮೂದು. ಕಾನೂನಿನ ಪ್ರಕಾರ ದಿಲ್ಲಿ ಏನು ಮಾಡಿದರೂ ನಮ್ಮ ರಾಜ್ಯ ತನ್ನ ಪಾಡಿಗೆ ಇರಬಹುದಿತ್ತು. ಪಶ್ಚಿಮ ಬಂಗಾಳ ಹಾಗೆಯೇ ಇದ್ದುಬಿಟ್ಟಿತು. ಕೇರಳ 2013ರವರೆಗೆ ತಡೆದುಕೊಂಡಿತು. ತಮಿಳುನಾಡಾದರೋ ಕೇಂದ್ರಕ್ಕಿಂತ ಮುಂಚೆ, 2003ರ ಏಪ್ರಿಲ್‌ನಿಂದಲೇ ತನ್ನದೇ ವಂತಿಗೆ ಪದ್ಧತಿಗೆ ಇಳಿದಿತ್ತು. ಕರ್ನಾಟಕ ಆಗ ವಿತ್ತ ಶಿಸ್ತಿನಲ್ಲಿ ಮುಂದೆ ನಿಂತ ರಾಜ್ಯ, 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿತ್ತು. ದಿಲ್ಲಿ ಹಾಕಿದ ಹೆಜ್ಜೆಯ ಮೇಲೆ ಹೆಜ್ಜೆ ಇಡಲು ಅದಕ್ಕೆ ಹೆಚ್ಚು ಒತ್ತಾಯ ಬೇಕಾಗಲಿಲ್ಲ.

ಕೇಂದ್ರದಲ್ಲಿ ನಡೆದದ್ದು ಹೀಗೆ. ಪಿಂಚಣಿಯ ಹೊರೆ ಹೇಗೆ ತಗ್ಗಿಸುವುದೆಂದು ನೋಡಲು 2001ರಲ್ಲಿ ಒಂದು ಉನ್ನತ ಮಟ್ಟದ ತಜ್ಞರ ಗುಂಪು ರಚನೆಯಾಯಿತು. ಅದರ ಮುಖ್ಯಸ್ಥರು ಬಿ.ಕೆ. ಭಟ್ಟಾಚಾರ್ಯ, ನಮ್ಮದೇ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಅವರ ಗುಂಪು ಹೇಳಿದ್ದು ಮಿಶ್ರ ಪದ್ಧತಿ: ಒಂದಿಷ್ಟು ಖಚಿತ ಪಿಂಚಣಿ ಇರಲಿ, ಅದರ ಮೇಲೆ ವಂತಿಗೆಯ ನಿಧಿ ಇರಲಿ. ಸರ್ಕಾರ ಆ ಮಧ್ಯದ ದಾರಿ ಬಿಟ್ಟು ಪೂರ್ತಿ ವಂತಿಗೆಗೆ ಹೋಯಿತು. 2003ರ ಫೆಬ್ರವರಿ ಬಜೆಟ್‌ನಲ್ಲಿ ಹಣಕಾಸು ಸಚಿವ ಜಸ್ವಂತ್ ಸಿಂಗ್ ಪ್ರಕಟಿಸಿದರು, ಡಿಸೆಂಬರ್ 22ಕ್ಕೆ ಅಧಿಸೂಚನೆ ಬಂತು, 2004ರ ಜನವರಿ 1ರಿಂದ ಜಾರಿ. ಸೇನೆಯೊಂದನ್ನು ಬಿಟ್ಟು ಕೇಂದ್ರದ ಎಲ್ಲ ಹೊಸ ನೌಕರರಿಗೆ ಅನ್ವಯ. ಅದನ್ನು ನಡೆಸುವ ಪ್ರಾಧಿಕಾರಕ್ಕೆ ಸಂಸತ್ತಿನ ಕಾಯ್ದೆ ಆದದ್ದು 2013ರಲ್ಲಿ. ಅಂದರೆ ಹತ್ತು ವರ್ಷದ ಹತ್ತಿರ ನೌಕರರ ದುಡ್ಡು ಕಡಿತವಾಗಿದ್ದು ಕಾಯ್ದೆಯೇ ಇಲ್ಲದೆ, ಆಡಳಿತಾತ್ಮಕ ಆದೇಶಗಳ ಬಲದ ಮೇಲೆ. ಇಪ್ಪತ್ತು ರೂಪಾಯಿ ಆಟೋ ಬಾಡಿಗೆಯ ಬಿಲ್ಲಿಗೂ ನಿಯಮದ ಸಂಖ್ಯೆ ಕೇಳುವ ಲೆಕ್ಕಪತ್ರ ಶಾಖೆಯಲ್ಲಿ ಬೆಳೆದವನಿಗೆ ಇದು ಇಂದಿಗೂ ಸೋಜಿಗ.

ಎರಡು ಪದ್ಧತಿಗಳ ವ್ಯತ್ಯಾಸ ಗೊತ್ತಿಲ್ಲದವರಿಗೆ ಒಂದು ಉದಾಹರಣೆ. ನಿವೃತ್ತಿಯ ತಿಂಗಳು ಮೂಲ ವೇತನ 60,000 ಎಂದುಕೊಳ್ಳಿ. ಹಳೆಯದರಲ್ಲಿ, ಪೂರ್ಣ ಸೇವೆ ಆಗಿದ್ದರೆ ಅದರರ್ಧ 30,000 ಪಿಂಚಣಿ, ಮೇಲೆ ತುಟ್ಟಿಭತ್ಯೆ. ಪಿಂಚಣಿಗೆಂದು ಸಂಬಳದಿಂದ ಒಂದು ಪೈಸೆಯೂ ಕಡಿತವಿಲ್ಲ. ಹೊಸದರಲ್ಲಿ ಪ್ರತಿ ತಿಂಗಳು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನೌಕರನಿಂದ, ಮೊದಲಿಗೆ ಅಷ್ಟೇ ಸರ್ಕಾರದಿಂದ. ಸರ್ಕಾರದ ಪಾಲು ಕೇಂದ್ರದಲ್ಲಿ 2019ರ ಏಪ್ರಿಲ್‌ನಿಂದ ಶೇ. 14 ಆಯಿತು. ಕೂಡಿದ ಹಣ ಎಸ್‌ಬಿಐ, ಎಲ್‌ಐಸಿ, ಯುಟಿಐಗಳ ಪಿಂಚಣಿ ನಿಧಿಗಳಿಗೆ ಹೋಗಿ ಸಾಲಪತ್ರ, ಷೇರುಗಳಲ್ಲಿ ಬೆಳೆಯುತ್ತದೆ. ನಿವೃತ್ತಿಯಾದಾಗ 60 ಲಕ್ಷ ಕೂಡಿತೆನ್ನೋಣ. ಕನಿಷ್ಠ ಶೇ. 40, ಅಂದರೆ 24 ಲಕ್ಷವನ್ನು ವಿಮಾ ಕಂಪನಿಗೆ ಕೊಟ್ಟು ವರ್ಷಾಶನ (ಬದುಕಿರುವವರೆಗೆ ಬರುವ ನಿಶ್ಚಿತ ಮೊತ್ತ) ಕೊಳ್ಳಬೇಕು. ಶೇ. 6.5ರ ದರ ಹಿಡಿದರೆ ತಿಂಗಳಿಗೆ 13,000. ಉಳಿದ 36 ಲಕ್ಷ ಕೈಗೆ. ಪೂರ್ತಿ 60 ಲಕ್ಷವನ್ನೂ ವರ್ಷಾಶನಕ್ಕೆ ಹಾಕಿದರೆ 32,500.

ಹಾಗಾದರೆ ಸರಿಸಮ ಆಯಿತಲ್ಲ ಎಂದು ಆರ್ಥಿಕ ಇಲಾಖೆಯ ಗೆಳೆಯರೊಬ್ಬರು ನನ್ನನ್ನು ಕೇಳಿದ್ದುಂಟು. ಆ 32,500 ಹತ್ತು ವರ್ಷ ಬಿಟ್ಟು ನೋಡಿದರೂ 32,500. ಹಳೆಯದರಲ್ಲಿ ಅಷ್ಟರಲ್ಲಿ ತುಟ್ಟಿಭತ್ಯೆ ಎಷ್ಟೋ ಸಲ ಏರಿರುತ್ತದೆ, ಒಂದು ವೇತನ ಆಯೋಗ ಬಂದು ಪಿಂಚಣಿಯನ್ನೇ ಪರಿಷ್ಕರಿಸಿರುತ್ತದೆ. ಇನ್ನೊಂದನ್ನೂ ಹೇಳಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಸೇವೆ ಇರುವವರಿಗೆ, ಷೇರುಪೇಟೆ ಕೈಹಿಡಿದರೆ, ಹೊಸ ಪದ್ಧತಿಯಲ್ಲಿ ಕೈಗೆ ಸಿಗುವ ಇಡುಗಂಟು ಚಿಕ್ಕದಲ್ಲ. ವಯೋಮಿತಿಯ ಸಡಿಲಿಕೆಯಲ್ಲಿ ನಲವತ್ತರ ಹತ್ತಿರ ಸೇರಿ ಇಪ್ಪತ್ತು ವರ್ಷಕ್ಕೆ ಮನೆಗೆ ಹೋಗುವವರ ಗತಿ ಬೇರೆ. ಅವರ ನಿಧಿ ಬೆಳೆಯಲು ಹೊತ್ತೇ ಇರುವುದಿಲ್ಲ.

ಪಕ್ಕಪಕ್ಕದ ಮೇಜು

ಮೊದಲ ನಾಲ್ಕು ವರ್ಷ ಇಬ್ಬರಿಗೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ರಾಜ್ಯದಲ್ಲಿ ಆದೇಶ 2006ರದ್ದಾದರೂ ಕಡಿತ ನಿಜವಾಗಿ ಶುರುವಾದದ್ದು 2010ರಲ್ಲಿ. ಅಲ್ಲಿಯವರೆಗೆ ಅವಳ ಸಂಬಳದಿಂದ ಜಿಪಿಎಫ್ (ಹಳೆ ಪದ್ಧತಿಯವರ ಭವಿಷ್ಯ ನಿಧಿ) ಕಡಿತವೂ ಇಲ್ಲ, ಎನ್‌ಪಿಎಸ್ (ಹೊಸ ವಂತಿಗೆ ಪಿಂಚಣಿ) ಕಡಿತವೂ ಇಲ್ಲ. ಕೈಗೆ ಬರುವ ಸಂಬಳ ಅವನಿಗಿಂತ ತುಸು ಜಾಸ್ತಿಯೇ ಇತ್ತು. ‘ನನಗ ಜಿಪಿಎಫ್ ಅಂತ ಹಿಡೀತಾರ, ನಿಂಗ ಯಾಕ ಹಿಡಿಯಂಗಿಲ್ಲ?’ ಎಂದು ಅವನೇ ಹೊಟ್ಟೆಯುರಿ ಪಡುತ್ತಿದ್ದ.

ಆಮೇಲೆ ಹನ್ನೆರಡು ಅಂಕಿಯ ಪ್ರಾನ್, ಅಂದರೆ ಹೊಸ ಪಿಂಚಣಿ ಖಾತೆಯ ಸಂಖ್ಯೆ ಇದ್ದ ಕಾರ್ಡು ಬಂತು. ಚಾಲ್ತಿ ಕಡಿತದ ಜೊತೆಗೆ ಹಿಂದಿನ ವರ್ಷಗಳ ಬಾಕಿಯೂ ಕಂತುಕಂತಾಗಿ ಸೇರಿಕೊಂಡಿತು. ಆ ತಿಂಗಳು ವೇತನಚೀಟಿ ಕೊಟ್ಟಾಗ ಅವಳು ಅದನ್ನು ನನ್ನ ಮೇಜಿನ ಮೇಲಿಟ್ಟು ‘ಸಾರ್, ಇದ್ಯಾವುದಕ್ಕೆ ಎರಡು ಸಲ?’ ಎಂದು ಬೆರಳಿಟ್ಟು ತೋರಿಸಿದಳು. ಅವತ್ತು ನಾನು ಕಪಾಟಿನಿಂದ 2006ರ ಆ ಆದೇಶ ತೆಗೆದು ಪೂರ್ತಿ ಓದಿದೆ.

ಅವಳ ನೇಮಕಾತಿ ಆದೇಶ ಮಾರ್ಚ್ 22ರದ್ದು, ಏಪ್ರಿಲ್ 1ಕ್ಕೆ ಮೊದಲಿನದ್ದು. ನೇಮಕ ಎಂಬುದಕ್ಕೆ ಆ ಆದೇಶದ ದಿನವನ್ನೇ ಹಿಡಿಯಬೇಕಲ್ಲವೇ ಎಂದು ಮೇಲಿನವರಿಗೆ ಸ್ಪಷ್ಟೀಕರಣ ಕೋರಿ ಬರೆದೆವು. ಎರಡು ನೆನಪೋಲೆ ಆದಮೇಲೆ ಉತ್ತರ ಬಂತು, ಒಂದೂವರೆ ಸಾಲಿನದು: ಕರ್ತವ್ಯಕ್ಕೆ ಹಾಜರಾದ ದಿನಾಂಕವೇ ಪರಿಗಣನೆ. ಹದಿನೈದು ದಿನ ಕಾಲಾವಕಾಶ ಕೊಟ್ಟವರು ಅವರೇ. ಅದರಲ್ಲಿ ಆರು ದಿನ ಉಳಿಸಿ ಬಂದಿದ್ದಳು. ಆದೇಶ ಕೊಟ್ಟ ದಿನ ಹೊಸ ಪಿಂಚಣಿಯ ಸುದ್ದಿ ಅವಳ ಊರಿನಲ್ಲಿರಲಿ, ಅದನ್ನು ಸಹಿ ಮಾಡಿದ ಅಧಿಕಾರಿಗಾದರೂ ಇತ್ತೋ ಇಲ್ಲವೋ.

ಕಟ್ಟುನಿಟ್ಟಿನ ದಿನಾಂಕಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಹೇಳಿದ್ದು ಪಿಂಚಣಿದಾರರಿಗೆಲ್ಲ ಬಾಯಿಪಾಠ. 1979ರ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ ಸುಧಾರಿತ ಲೆಕ್ಕ ಎಂದಿತ್ತು ಕೇಂದ್ರ. ಒಂದೇ ವರ್ಗದವರನ್ನು ಹಾಗೆ ಒಂದು ತಾರೀಖಿನಿಂದ ಸೀಳುವುದು ಸಮಾನತೆಗೆ ವಿರುದ್ಧ, ಪಿಂಚಣಿ ದಯೆಯಿಂದ ಕೊಡುವ ಭಿಕ್ಷೆಯಲ್ಲ ಎಂದಿತು ನ್ಯಾಯಾಲಯ. ಆ ದಿನವನ್ನೇ ಪಿಂಚಣಿದಾರರ ದಿನ ಎಂದು ಆಚರಿಸುತ್ತೇವೆ. ಆದರೆ ಆ ತೀರ್ಪು ಹಳೆಯ ಪದ್ಧತಿಯ ಒಳಗಿದ್ದವರ ನಡುವಿನ ಭೇದದ್ದು. ಹೊಸ ಪದ್ಧತಿಯನ್ನೇ ತಂದು, ಮುಂದೆ ಬರುವವರಿಗೆ ಇದು ಎನ್ನುವ ಸರ್ಕಾರಕ್ಕೆ ಅದನ್ನು ಹಾಗೆಯೇ ಎದುರಿಡಲು ಬರುವುದಿಲ್ಲ. ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಈ ಪ್ರಕರಣದಲ್ಲಿ ಕೇಳಬೇಕಾದದ್ದು ಗೆರೆಯನ್ನು ಯಾರ ಕೈಯಲ್ಲಿರುವ ದಿನಾಂಕಕ್ಕೆ ಎಳೆದರು ಎಂದು. ಅಧಿಸೂಚನೆಯ ದಿನ ಸರ್ಕಾರದ್ದು. ಫಲಿತಾಂಶದ ದಿನ ನೇಮಕಾತಿ ಪ್ರಾಧಿಕಾರದ್ದು. ಪೊಲೀಸ್ ಪರಿಶೀಲನೆ, ಸಿಂಧುತ್ವ, ಕೌನ್ಸೆಲಿಂಗ್, ಆದೇಶದ ಟಪಾಲು, ಇವೆಲ್ಲ ಒಂದೊಂದು ಕಚೇರಿಯದು. ಅಭ್ಯರ್ಥಿಯ ಕೈಯಲ್ಲಿರುವುದು ಕೊನೆಯ ನಾಲ್ಕೈದು ದಿನ ಮಾತ್ರ. ಪಿಂಚಣಿಯನ್ನು ನಿರ್ಧರಿಸಲು ಆ ನಾಲ್ಕೈದು ದಿನವನ್ನೇ ಆರಿಸಿಕೊಂಡದ್ದು ಈ ಪ್ರಕರಣದ ತಪ್ಪು ಎಂಬುದು ನನ್ನ ಎಣಿಕೆ.

ಇಬ್ಬರೂ ಅಕ್ಕಪಕ್ಕದ ಮೇಜಿನಲ್ಲಿ ಕೂತು ಒಟ್ಟಿಗೆ ಪ್ರಥಮ ದರ್ಜೆಗೆ ಬಡ್ತಿ ಪಡೆದರು. ವ್ಯತ್ಯಾಸ ಕಣ್ಣಿಗೆ ಬಿದ್ದದ್ದು ಮನೆ ಕಟ್ಟುವಾಗ. ಅವನು ಜಿಪಿಎಫ್‌ನಿಂದ ಹಣ ತೆಗೆದು ಪಾಯ ಹಾಕಿಸಿದ, ಒಂದು ಅರ್ಜಿ, ಒಂದು ಮಂಜೂರಾತಿ, ಮುಗಿಯಿತು. ಎನ್‌ಪಿಎಸ್‌ನಲ್ಲಿ ಆಗ ತೆಗೆಯಲು ಬರುತ್ತಿದ್ದದ್ದು ನೌಕರರ ಸ್ವಂತ ವಂತಿಗೆಯ ಕಾಲು ಭಾಗ, ಅದೂ ಸೇವೆಯುದ್ದಕ್ಕೂ ಮೂರು ಸಲ. ಅವಳು ಸಹಕಾರ ಸಂಘದ ಸಾಲಕ್ಕೆ ಹೋದಳು. ಜಾಮೀನಿಗೆ ಸಹಿ ಹಾಕಿದವನು ಅವನೇ.

ಕೊರೊನಾದ ಎರಡನೇ ಅಲೆಯಲ್ಲಿ ನಮ್ಮ ಕಡೆಯ ಹೊಸ ಪದ್ಧತಿಯ ನೌಕರನೊಬ್ಬ ತೀರಿಹೋದ. ಕೇಂದ್ರದಲ್ಲಿ ಸೇವೆಯಲ್ಲಿದ್ದಾಗ ಸತ್ತವರ ಕುಟುಂಬಕ್ಕೆ ಹಳೆಯ ಲೆಕ್ಕದ ಪಿಂಚಣಿ ಕೊಡುವ ದಾರಿ 2009ರಲ್ಲೇ ತೆರೆದಿತ್ತು, ಉಪದಾನ (ಗ್ರಾಚ್ಯುಟಿ) 2016ರಲ್ಲಿ. ರಾಜ್ಯವೂ ತಡವಾಗಿ ಅದೇ ದಾರಿಗೆ ಬಂದಿತ್ತು. ಅವನ ಹೆಂಡತಿ ಎಳೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಬಂದು ಕೂತ ದಿನದಿಂದ ನಮ್ಮ ಹುಡುಗಿ ಪಿಂಚಣಿಯ ಪ್ರತಿ ಸುತ್ತೋಲೆಯನ್ನೂ ಒಂದು ಹಸಿರು ರಟ್ಟಿನ ಫೈಲಿನಲ್ಲಿ ಕೂಡಿಡತೊಡಗಿದಳು.

ಗೆರೆ ಹಿಂದೆ ಸರಿದದ್ದು

ದಿಲ್ಲಿ ತನ್ನ ಗೆರೆಯನ್ನು ತಾನೇ ಎರಡು ಸಲ ಹಿಂದಕ್ಕೆ ಸರಿಸಿತು. ಒಂದೇ ಪರೀಕ್ಷೆ ಬರೆದು ಬೇರೆ ಬೇರೆ ದಿನ ಸೇರಿದವರು ನ್ಯಾಯಾಲಯಗಳಿಗೆ ಹೋಗಿ ಒಂದೊಂದಾಗಿ ಗೆಲ್ಲುತ್ತಾ ಬಂದಿದ್ದರು. 2020ರ ಫೆಬ್ರವರಿ 17ರಂದು ಕೇಂದ್ರದ ಪಿಂಚಣಿ ಇಲಾಖೆ, 2004ರ ಜನವರಿ 1ಕ್ಕೆ ಮೊದಲು ಫಲಿತಾಂಶ ಬಂದಿದ್ದು ಆಮೇಲೆ ಸೇರಿದವರು ಹಳೆ ಪಿಂಚಣಿ ಕೇಳಬಹುದು ಎಂದಿತು. 2023ರ ಮಾರ್ಚ್ 3ರಂದು ಇನ್ನೂ ಹಿಂದೆ ಹೋಯಿತು: 2003ರ ಡಿಸೆಂಬರ್ 22ಕ್ಕೆ ಮೊದಲು ಹುದ್ದೆಗೆ ಅಧಿಸೂಚನೆ ಆಗಿದ್ದರೆ ಸಾಕು. ಹಾಜರಾದ ದಿನದಿಂದ ಫಲಿತಾಂಶದ ದಿನಕ್ಕೆ, ಅಲ್ಲಿಂದ ಅರ್ಜಿ ಕರೆದ ದಿನಕ್ಕೆ. ಇಷ್ಟಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತು.

ಅದೇ ಹೊತ್ತಿನಲ್ಲಿ ರಾಜ್ಯಗಳಲ್ಲಿ ಬೇರೆಯೇ ಗಾಳಿ. ರಾಜಸ್ಥಾನ 2022ರಲ್ಲಿ ಹಳೆ ಪಿಂಚಣಿಗೆ ಮರಳಿತು, ಛತ್ತೀಸಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಹಿಂದೆಯೇ ಹೊರಟವು. ಆದರೆ ಅಲ್ಲಿಯವರೆಗೆ ಕೂಡಿದ ಹಣವನ್ನು ಕೇಂದ್ರ ರಾಜ್ಯಗಳಿಗೆ ಹಿಂದಿರುಗಿಸಲು ಒಪ್ಪಲಿಲ್ಲ. ಅದು ನೌಕರರ ಹಣ, ರಾಜ್ಯಕ್ಕೆ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದಿತು. ಎಲ್ಲ ರಾಜ್ಯಗಳೂ ಹಳೆಯದಕ್ಕೆ ಹೋದರೆ ಹೊರೆ ಹೊಸ ಪದ್ಧತಿಯ ನಾಲ್ಕೂವರೆ ಪಟ್ಟಿನವರೆಗೆ ಏರಬಹುದೆಂದು ರಿಸರ್ವ್ ಬ್ಯಾಂಕ್ ಪತ್ರಿಕೆಯ 2023ರ ಲೇಖನವೊಂದು ಲೆಕ್ಕ ಹಾಕಿತು. ಆ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಪಿಂಚಣಿ ಹಳೆಯದು. ಅದರ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳದಷ್ಟು ದಡ್ಡನಲ್ಲ. ಮೊಮ್ಮಗನ ಶಾಲೆಗೆ ಕೋಣೆ ಕಟ್ಟಬೇಕಾದದ್ದೂ ಅದೇ ಖಜಾನೆ.

ಕರ್ನಾಟಕದಲ್ಲಿ 2023ರ ಮಾರ್ಚ್ 1ರಂದು ನೌಕರರು ಕೆಲಸ ನಿಲ್ಲಿಸಿದರು. ಸರ್ಕಾರ ಶೇ. 17ರ ಮಧ್ಯಂತರ ಪರಿಹಾರ ಕೊಟ್ಟು, ಹಳೆ ಪಿಂಚಣಿಗೆ ಒಂದು ಸಮಿತಿ ಎಂದಿತು. ಚುನಾವಣೆ ಆಯಿತು, ಸರ್ಕಾರ ಬದಲಾಯಿತು. 2024ರ ಜನವರಿಯಲ್ಲಿ ಸಿದ್ದರಾಮಯ್ಯನವರ ಸರ್ಕಾರ, 2006ರ ಏಪ್ರಿಲ್ 1ಕ್ಕೆ ಮೊದಲು ಅಧಿಸೂಚನೆಯಾದ ಹುದ್ದೆಗಳಿಗೆ ಆಮೇಲೆ ಸೇರಿದ ಸುಮಾರು 13,000 ನೌಕರರಿಗೆ ಹಳೆ ಪಿಂಚಣಿಯ ಆದೇಶ ಹೊರಡಿಸಿತು. ದಿಲ್ಲಿಯ ಹಿಂದಿನ ವರ್ಷದ ಮಾರ್ಚ್ 3ರ ಪತ್ರದ ಅಚ್ಚಿನಲ್ಲೇ ಎರಕ ಹೊಯ್ದದ್ದು. ಲಕ್ಷಗಟ್ಟಲೆ ಇರುವ ಉಳಿದ ಎನ್‌ಪಿಎಸ್ ನೌಕರರಿಗೆ ಅದರಲ್ಲಿ ಏನೂ ಇರಲಿಲ್ಲ.

ಉಲ್ಲೇಖ (1)

ನಾನಾಗ ನಿವೃತ್ತ. ಬೆಳಿಗ್ಗೆ ವಾಟ್ಸಾಪಿನಲ್ಲಿ ಆದೇಶದ ಪ್ರತಿ ಬಂತು, ಹಿಂದೆಯೇ ಅವಳ ಫೋನು. ‘ಸಾರ್, ಆರ್ಡರ್ ಬಂದೈತಿ. ನಮ್ಮದು 2005ರ ನೋಟಿಫಿಕೇಷನ್ ಅಲ್ರೀ?’

ಹೌದು. ಆದರೆ ಹೌದು ಎಂದು ನಾನಂದರೆ ಆಗುವುದಿಲ್ಲ. ಹಳೆ ಪಿಂಚಣಿ ಬೇಕೆಂದು ಬರೆದುಕೊಡುವ ಅಭಿಮತ ಪತ್ರದ ಜೊತೆಗೆ ಅಧಿಸೂಚನೆಯ ದಿನಾಂಕಕ್ಕೆ ದಾಖಲೆ ಬೇಕು, ನೇಮಕಾತಿ ಪ್ರಾಧಿಕಾರ ಅದನ್ನು ಪರಿಶೀಲಿಸಿ ಒಪ್ಪಬೇಕು. ಹದಿನೆಂಟು ವರ್ಷದ ಹಿಂದಿನ ನೇಮಕಾತಿ ಕಡತ ಯಾರ ಬಳಿ ಇರುತ್ತದೆ? ಜಿಲ್ಲಾ ಕಚೇರಿ ಎರಡು ಸಲ ಕಟ್ಟಡ ಬದಲಿಸಿತ್ತು. ದಾಖಲೆ ಕೋಣೆಯಲ್ಲಿ 2004–05ರ ಗಂಟು ಸಿಕ್ಕಿತು, ಬಿಚ್ಚಿದರೆ ನಡುವಿನ ಹಾಳೆಗಳನ್ನೆಲ್ಲ ಗೆದ್ದಲು ತಿಂದು ಅಂಚು ಮಾತ್ರ ಚೌಕಟ್ಟಿನಂತೆ ಉಳಿದಿತ್ತು. ಅಲ್ಲಿನ ಗುಮಾಸ್ತ ಪಾಪ, ಅದನ್ನೂ ಎತ್ತಿ ತೋರಿಸಿ ‘ಮೇಡಂ, ಇದ್ರಾಗ ನಿಮ್ಮ ಹೆಸರು ಹುಡುಕ್ರಿ’ ಎಂದನಂತೆ.

ಸೇವಾ ಪುಸ್ತಕ ತೆಗೆಸು ಎಂದೆ. ಸರ್ಕಾರಿ ಪತ್ರ ಬರೆದವರಿಗೆ ಗೊತ್ತಿರುತ್ತದೆ: ವಿಷಯದ ಕೆಳಗೆ ಉಲ್ಲೇಖ ಅಂತ ಇರುತ್ತದೆ, ಅಲ್ಲಿ ಹಿಂದಿನ ಪತ್ರಗಳೆಲ್ಲ ಸಂಖ್ಯೆ, ದಿನಾಂಕ ಸಮೇತ ಸಾಲಾಗಿ ಕೂತಿರುತ್ತವೆ. ಓದುವವರು ಯಾರೂ ಇಲ್ಲ, ಬರೆಯುವವರು ಬಿಡುವುದಿಲ್ಲ. ನೇಮಕಾತಿ ಆದೇಶದಲ್ಲಿ ಉಲ್ಲೇಖ (1) ಯಾವಾಗಲೂ ಹುದ್ದೆಯ ಅಧಿಸೂಚನೆಯೇ. ಸೇವಾ ಪುಸ್ತಕಕ್ಕೆ ಅಂಟಿಸಿದ್ದ ಪ್ರತಿಯಲ್ಲಿ ಆ ಸಾಲು ಇತ್ತು. ಆದರೆ ಅದು ಎಷ್ಟನೆಯದೋ ಕಾರ್ಬನ್ ಪ್ರತಿ. ಮೇಲೆ ಅಂಟು ಸೋರಿ ವರ್ಷದ ಕೊನೆಯ ಅಂಕಿ ಮಸಿಯ ಬೊಟ್ಟಾಗಿತ್ತು. 2005 ಎಂದರೆ 2005, 2006 ಎಂದರೆ 2006. ಆ ಬೊಟ್ಟನ್ನು ಅಂಟಿಸಿದವನು ನಾನೇ. ಅವಳಿಗೆ ಅದನ್ನು ಹೇಳಲು ಹೊರಟೆ, ಬಾಯಿ ಬರಲಿಲ್ಲ.

ಮೂಲ ಆದೇಶ ಅಂಚೆಯಲ್ಲಿ ಅವಳ ಮನೆಗೆ ಹೋಗಿತ್ತಲ್ಲ, ಅದೇನಾಯಿತು ಎಂದು ಕೇಳಿದೆ. ತವರಿಗೆ ಫೋನು ಹೋಯಿತು. ಅಪ್ಪ ತೀರಿಕೊಂಡು ಆರು ವರ್ಷ. ಅವ್ವ ಜಂತಿಯ ಮೇಲಿನ ಟ್ರಂಕು ಇಳಿಸಿ ನೋಡಿದರೆ, ಆದೇಶ ಲ್ಯಾಮಿನೇಷನ್ ಆಗಿ, ಇನ್ನೊಬ್ಬ ಮಗಳ ಪಿಯುಸಿ ಅಂಕಪಟ್ಟಿಯ ಜೊತೆ ಇಟ್ಟಿತ್ತು. ಮನೆಯ ಮೊದಲ ಸರ್ಕಾರಿ ನೌಕರಿಯ ಕಾಗದ ಎಂದು ಅಪ್ಪ ಆ ಏಪ್ರಿಲ್‌ನಲ್ಲೇ ಮೂಲ ಪ್ರತಿ ತಮ್ಮ ಬಳಿ ಇಟ್ಟುಕೊಂಡು ಪೇಟೆಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದರಂತೆ. ಸರ್ಕಾರಿ ದಾಖಲೆಗೆ ಲ್ಯಾಮಿನೇಷನ್ ಮಾಡಿಸಬಾರದು ಎಂದು ಮೂವತ್ತು ವರ್ಷ ಎಲ್ಲರಿಗೂ ಬೈದವನು ನಾನು. ಪ್ಲಾಸ್ಟಿಕ್ಕಿನೊಳಗೆ 2005 ಸ್ವಚ್ಛವಾಗಿ ಕಾಣುತ್ತಿತ್ತು.

ಅಭಿಮತ ಕೊಡುವ ಮುಂಚೆ ಒಂದು ಸಂಜೆ ಅವಳು, ಅವಳ ಗಂಡ ಮನೆಗೆ ಬಂದು ಲೆಕ್ಕ ಹಾಕಿದರು. ಕೇಂದ್ರದ ಮಾದರಿಯಲ್ಲಿ ನೌಕರರ ಸ್ವಂತ ವಂತಿಗೆ ಜಿಪಿಎಫ್ ಖಾತೆಗೆ ಬರುತ್ತದೆ, ಸರ್ಕಾರದ ಪಾಲು ಅದರ ಗಳಿಕೆ ಸಮೇತ ಸರ್ಕಾರದ ಲೆಕ್ಕಕ್ಕೆ ವಾಪಸು. ಒಮ್ಮೆ ಕೊಟ್ಟ ಅಭಿಮತ ಬದಲಿಸಲು ಬರುವುದಿಲ್ಲ. ಗಂಡನಿಗೆ ಷೇರು ಗೊತ್ತು. ‘ಹದಿನೆಂಟು ವರ್ಷ ಬೆಳದಿದ್ದನ್ನ ಬಿಟ್ಟುಕೊಡೋದು ಅಂದ್ರ ಹೆಂಗ್ರೀ ಸರ?’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸರ್ಕಾರದ ಪಾಲಿನ ಮೊತ್ತವೇ ಕಣ್ಣು ಕುಕ್ಕುವಷ್ಟಿತ್ತು. ಅವಳು ಹಸಿರು ಫೈಲು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಕಂಕುಳಲ್ಲಿ ಮಗುವಿದ್ದ ಆ ಹೆಂಗಸು ಕಚೇರಿಯ ಬೆಂಚಿನ ಯಾವ ತುದಿಯಲ್ಲಿ ಕೂತಿದ್ದಳು ಎಂದು ನನ್ನನ್ನು ಕೇಳಿದಳು. ನನಗೆ ನೆನಪಿರಲಿಲ್ಲ. ಕಿಟಕಿ ಕಡೆ, ಎಂದು ತಾನೇ ಹೇಳಿದಳು. ಮರುದಿನ ಅಭಿಮತ ಕೊಟ್ಟಳು.

ಆ ವರ್ಷದ ಆಗಸ್ಟ್ 24ಕ್ಕೆ ಕೇಂದ್ರ ಸಂಪುಟ ಏಕೀಕೃತ ಪಿಂಚಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 25 ವರ್ಷ ಸೇವೆಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷಕ್ಕೆ ಕನಿಷ್ಠ 10,000, ನೌಕರನ ಶೇ. 10 ಇದ್ದೇ ಇರುತ್ತದೆ, ಸರ್ಕಾರದ ಪಾಲು ಶೇ. 18.5, ಜಾರಿ 2025ರ ಏಪ್ರಿಲ್ 1ರಿಂದ. ಮಹಾರಾಷ್ಟ್ರ ಮರುದಿನವೇ ತನ್ನ ನೌಕರರಿಗೂ ಅದೇ ಎಂದಿತು. ಖಚಿತ ಪಿಂಚಣಿಯೂ ಇರಲಿ, ವಂತಿಗೆಯೂ ಇರಲಿ ಎಂಬ ಮಿಶ್ರ ಲೆಕ್ಕ. ಭಟ್ಟಾಚಾರ್ಯರ ಗುಂಪು ಬೇರೆ ರೂಪದಲ್ಲಿ 2002ರಲ್ಲೇ ಬರೆದುಕೊಟ್ಟಿದ್ದ ಮಾತು. ಅವಳು ಆ ಸುತ್ತೋಲೆಯನ್ನೂ ಹಸಿರು ಫೈಲಿಗೆ ಸೇರಿಸಿದ್ದಾಳೆ, ಇನ್ನು ತನಗೆ ಬೇಕಾಗಿಲ್ಲದಿದ್ದರೂ.

ಅವಳ ಅರ್ಜಿ ಒಪ್ಪಿಗೆಯಾಗಿ ಬಂದ ದಿನ ನಾನು ಬೇರೇನೋ ಕೆಲಸಕ್ಕೆ ಕಚೇರಿಯ ಕಡೆ ಹೋಗಿದ್ದೆ. ಹಣ ಇನ್ನೂ ಹಿಂದಿರುಗಿರಲಿಲ್ಲ, ಜಿಪಿಎಫ್ ಖಾತೆ ತೆರೆಯುವ ನಮೂನೆ ಮಾತ್ರ ಸಿದ್ಧವಾಗುತ್ತಿತ್ತು. ಮಾರ್ಚ್ 31ರವನು ತನ್ನ ಹಳೆ ನಮೂನೆಯ ಪ್ರತಿ ತಂದು, ಯಾವ ಕಲಂನಲ್ಲಿ ಏನು ಬರೆಯಬೇಕೆಂದು ಹಿಂದೆ ನಿಂತು ಹೇಳುತ್ತಿದ್ದ. ಟೈಪು ಮಾಡುತ್ತಿದ್ದವನು 2018ರಲ್ಲಿ ಸೇರಿದ ಹುಡುಗ. ನಾಮನಿರ್ದೇಶನದ ಕಲಂಗೆ ಬಂದಾಗ ಕೀಲಿಮಣೆಯಿಂದ ಕೈ ಎತ್ತಿ, ‘ಮೇಡಂ, ನನ್ ಬ್ಯಾಚಿಂದು ಏನರ ಸುದ್ದಿ ಐತೇನ್ರೀ?’ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಪರದೆಯ ಕಡೆ ತಿರುಗಿ ಅವಳ ಮಗಳ ಹೆಸರಿನ ಕಾಗುಣಿತ ಕೇಳಿದ.